ಅಪ್‌ಡೇಟ್: ಹಳೇ ಕಾಂಟೆಸ್ಸಾ ಕಾರಿನ ಗದ್ದಲ ಇಳಿಯಿತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ನನ್ನ ಕಾಂಟೆಸ್ಸಾ 60 ಕಿ.ಮೀ. ವೇಗ ದಾಟಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ ಅಂತ. ಹೆಚ್ಚಿನವರು ಡ್ಯಾಂಪಿಂಗ್ ಶೀಟ್ (ತಗಡಿನ ಅದುರಾಟ ತಗ್ಗಿಸುವ ಅಂಟುಹಾಳೆ) ಹಾಕಿಸಿ ಅಂದಿರಿ. ಒಬ್ಬರು ಮಾತ್ರ ಮೊದಲು ತೂತು ಹುಡುಕಿ ಅಂದಿದ್ದರು. ಅವರಿಗೆ ಒಂದು ಚಾ ಬಾಕಿ.

ಹುಡುಕಿಕೊಟ್ಟದ್ದು ಕಾಸರಗೋಡಿನ ಮಳೆ. ಒಂದು ಬೆಳಿಗ್ಗೆ ನೋಡಿದರೆ ಕ್ಲಚ್ ಪೆಡಲ್ ಕೆಳಗೆ ನೀರು. ಮ್ಯಾಟ್ ಎತ್ತಿದೆ, ಬಾನೆಟ್ ಕಡೆಯಿಂದ ಮಗ ಟಾರ್ಚ್ ಹಿಡಿದ. ಇಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ನಲ್ಲಿ, ವೈರ್ ತೂರುವ ತೂತಿಗೆ ಹಾಕುವ ರಬ್ಬರ್ ಬಳೆ (ಗ್ರಾಮೆಟ್) ಪುಡಿಪುಡಿ. ಹೆಬ್ಬೆರಳು ಹೋಗುವಷ್ಟು ತೂತು, ಅದರಲ್ಲಿ ಬೆಳಕು! ಇಂಜಿನ್ ಸದ್ದು ನೇರ ಅಲ್ಲಿಂದಲೇ ಒಳಗೆ.

ಗ್ರಾಮೆಟ್, ಬಾಗಿಲ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಎರಡೂ ಹೊಸದು ಹಾಕಿಸಿದೆ. ಮೊದಲು ಬಾಗಿಲ ಸಂದಿಗೆ 100ರ ನೋಟು ಸಿಕ್ಕಿಸಿದರೆ ಸಲೀಸಾಗಿ ಜಾರುತ್ತಿತ್ತು, ಈಗ ಜಾಸ್ತಿ ಎಳೆದರೆ ಹರಿದೀತು. ಆಮೇಲೆಯೇ ಡ್ಯಾಂಪಿಂಗ್‌ಗೆ ಬ್ಯುಟೈಲ್ ರಬ್ಬರ್ ಶೀಟ್, ಅದೂ ತುಕ್ಕು ಉಜ್ಜಿ ಪೇಂಟ್ ಹೊಡೆದ ಮೇಲೆ. ಸುಮ್ನೆ ಎಲ್ಲಾ ಕಡೆ ಅಂಟಿಸಲಿಲ್ಲ. ತಟ್ಟಿದಾಗ ಡಬಡಬ ಅನ್ನುವ ತಗಡಿನ ಮಧ್ಯಭಾಗಕ್ಕೆ ಮಾತ್ರ. ಡಾಂಬರು ಶೀಟ್ ಅಗ್ಗ, ಆದರೆ ನಮ್ಮ ಸೆಕೆಗೆ ಅದರ ವಾಸನೆ ಬೇಡಪ್ಪಾ.

ನಿನ್ನೆ ಮಂಗಳೂರಿಗೆ ಹೋಗಿ ಬಂದೆವು. ಕುಂಬಳೆ ದಾಟುವಾಗ ಹೆಂಡತಿ ಕೇಳಿದಳು, "ಹಿಂದೆ ಏನದು ಗುಂಯ್ ಅನ್ನುವುದು?" ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ, ಡಿಫರೆನ್ಷಿಯಲ್, ಇರಬೇಕು. ಇಷ್ಟು ದಿನ ಗದ್ದಲದಲ್ಲಿ ಕೇಳಿಸಿರಲೇ ಇಲ್ಲ.