ಬಾತು ಸಾಕಿ ಸಾಕಾಯ್ತು: ಓದುಗರ ಸ್ಪಂದನ

ಸಮಸ್ಯೆ: ಮಕ್ಕಳ ಹಟಕ್ಕೆ ಮಣಿದು ಆರು ಬಾತುಮರಿ ತಂದೆವು. ಈಗ ಅವಕ್ಕೆ ನಾಲ್ಕು ತಿಂಗಳು. ಹಿತ್ತಿಲೆಲ್ಲ ಕೆಸರು, ವಾಸನೆ. ಇನ್ನೂ ಒಂದು ಮೊಟ್ಟೆ ಕಂಡಿಲ್ಲ. ಒಂದು ಬಾತು ವಾರದಿಂದ ಕುಂಟುತ್ತಿದೆ. ನಾವೇ ನೋಡಿಕೊಳ್ತೀವಿ ಎಂದಿದ್ದ ಮಕ್ಕಳು ಈಗ ಆ ಕಡೆ ತಲೆಯೂ ಹಾಕುವುದಿಲ್ಲ. ಎಲ್ಲ ನನ್ನ ಮೇಲೇ ಬಿದ್ದಿದೆ. ಯಾರಿಗಾದರೂ ಕೊಟ್ಟುಬಿಡು ಅಂತಾರೆ ಯಜಮಾನರು. ಕೊಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಶಕ್ತಿ ಇಲ್ಲ. ಏನು ಮಾಡಲಿ?

*

ನಿಮ್ಮ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ನಮ್ಮ ಮನೆಯಲ್ಲಿ ಮೊದಲ ಆರು ತಿಂಗಳು ಬರೀ ಕೆಸರೇ. ಅದೂ ಮೊಣಕಾಲವರೆಗೆ.

ನನಗೆ ದಾರಿ ಕಂಡಿದ್ದು ಒಂದು ಬೆಳಗ್ಗೆ ಸುಮ್ನೆ ಸ್ಟೂಲ್ ಹಾಕಿಕೊಂಡು ಅವನ್ನು ನೋಡುತ್ತಾ ಕೂತಾಗ. ಬಾತು ಒಂದು ಬಾಯಿ ತಿನ್ನುತ್ತದೆ. ಓಡಿಹೋಗಿ ನೀರಿಗೆ ಕೊಕ್ಕು ಹಾಕಿ ಬುಳುಬುಳು ಅಲ್ಲಾಡಿಸುತ್ತದೆ. ಬಾಯಲ್ಲಿದ್ದುದರಲ್ಲಿ ಅರ್ಧ ನೀರಿಗೇ ಬೀಳುತ್ತದೆ. ತಲೆ ಕೊಡವಿ ಮತ್ತೆ ತಿನ್ನಲು ಬರುತ್ತದೆ. ಕೊಡವಿದ ನೀರು ನೆಲಕ್ಕೆ, ನೆಂದ ನೆಲಕ್ಕೆ ಮತ್ತೆ ಕೊಕ್ಕು! ಹುಳ ಹುಡುಕುವ ನೆಪದಲ್ಲಿ ಸಣ್ಣ ಸಣ್ಣ ಗುಂಡಿ ತೋಡುತ್ತಾ ಹೋಗುತ್ತದೆ. ಎಷ್ಟು ಸಲ ಎಂದು ಎಣಿಸಲು ಶುರು ಮಾಡಿ ಅರ್ಧಕ್ಕೇ ಬಿಟ್ಟೆ. ಆದರೆ ಒಂದು ವಿಷಯ ಗೊತ್ತಾಯ್ತು. ಕೆಸರು ಹಿತ್ತಿಲ ತುಂಬ ಹುಟ್ಟುವುದಿಲ್ಲ. ನೀರಿನ ಬೋಗುಣಿಯ ಸುತ್ತ ಎರಡು ಮೂರು ಅಡಿಯಲ್ಲಿ ಹುಟ್ಟುತ್ತದೆ. ಅಲ್ಲಿಂದ ಕಾಲಿಗೆ ಅಂಟಿಕೊಂಡು ಊರೆಲ್ಲ ಸುತ್ತುತ್ತದೆ.

ಹಾಗಾಗಿ ಆ ಎರಡು ಮೂರು ಅಡಿಯನ್ನಷ್ಟೇ ಸರಿ ಮಾಡಿ. ನಾವು ಮೊಳದುದ್ದ ಆಳಕ್ಕೆ ಅಗೆದು ಜಲ್ಲಿ ತುಂಬಿದೆವು. ಮೇಲೆ ಮರದ ಪಟ್ಟಿಗಳ ಒಂದು ಚೌಕಟ್ಟು, ಅದರ ಮೇಲೆ ಮುಚ್ಚಳ ಇರುವ ಬಕೆಟ್. ಬಕೆಟ್ಟಿನ ಪಕ್ಕಕ್ಕೆ ತಲೆ ತೂರುವಷ್ಟು ದೊಡ್ಡ ತೂತು ಕೊರೆದು ಅಂಚನ್ನು ಉಜ್ಜಿ ನಯ ಮಾಡಿದ್ದೇವೆ. ಕುಡಿಯಬಹುದು, ಒಳಗೆ ಇಳಿಯಲು ಆಗಲ್ಲ. ಚೆಲ್ಲಿದ್ದು ಜಲ್ಲಿಗೆ ಇಳಿಯುತ್ತದೆ. ತಿಂಡಿಯ ತಟ್ಟೆ ನಾಲ್ಕು ಹೆಜ್ಜೆ ದೂರ ಇರಲಿ. ತೀರಾ ದೂರವೂ ಬೇಡ, ನೀರಿಲ್ಲದೆ ಒಣ ತಿಂಡಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ರಾತ್ರಿ ಗೂಡಿನೊಳಗೆ ನೀರು ಇಡದಿದ್ದರೆ ತಿಂಡಿಯನ್ನೂ ಇಡಬೇಡಿ.

ನೀರು ಕಮ್ಮಿ ಇಟ್ಟರೆ ಕೆಸರೂ ಕಮ್ಮಿ ಎಂಬ ಲೆಕ್ಕ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರು ಇಟ್ಟೆ. ವಾರದಲ್ಲಿ ಒಂದರ ಕಣ್ಣಿನ ಸುತ್ತ ನೊರೆ ಬಂದು ರೆಪ್ಪೆ ಅಂಟಿಕೊಂಡಿತು. ಬಾತು ತಲೆ ಮುಳುಗಿಸಿಯೇ ಕಣ್ಣು, ಮೂಗಿನ ತೂತು ತೊಳೆದುಕೊಳ್ಳಬೇಕು. ಈಜಲು ಕೊಳವೇ ಬೇಕು ಅಂತೇನಿಲ್ಲ, ಆದರೆ ತಲೆ ಮುಳುಗುವಷ್ಟು ಆಳ ಬೇಕೇ ಬೇಕು. ವಾರಕ್ಕೆ ಎರಡು ಮೂರು ಸಲ ಒಂದು ಟಬ್ ಇಟ್ಟರೆ ಸ್ನಾನವೂ ಆಯ್ತು.

ಇನ್ನು ವಾಸನೆ. ಅದು ಬರುವುದು ತೇವದಿಂದ. ಸಂಜೆ ಗೂಡಿಗೆ ಒಂದು ತೆಕ್ಕೆ ಒಣಹುಲ್ಲು ಹಾಕಿ. ಬೂಸಲು ಹಿಡಿದ ಹುಲ್ಲನ್ನು ಅವತ್ತೇ ಎಸೆಯಿರಿ, ಅದರಿಂದ ಬಾತುಗಳ ಶ್ವಾಸಕೋಶಕ್ಕೆ ರೋಗ ಬರುತ್ತದೆ.

— ಹನ್ನೊಂದು ಬಾತುಗಳ ಒಡತಿ

*

ನಾಲ್ಕು ತಿಂಗಳಿಗೆ ಮೊಟ್ಟೆ ಕೇಳಿದರೆ ಹೇಗೆ? ಸಾಮಾನ್ಯವಾಗಿ ಐದರಿಂದ ಏಳು ತಿಂಗಳಿಗೆ ಶುರು ಮಾಡುತ್ತವೆ. ದಿನದ ಬೆಳಕು ಕಮ್ಮಿ ಇರುವ ಕಾಲವಾದರೆ ಇನ್ನೂ ತಡ. ತಳಿಯ ಮೇಲೂ ಹೋಗುತ್ತದೆ. ಖಾಕಿ ಕ್ಯಾಂಪ್‌ಬೆಲ್ ಚೆನ್ನಾಗಿ ಸಾಕಿದರೆ ವರ್ಷಕ್ಕೆ 250ರ ಮೇಲೆ ಇಡುತ್ತದೆ. ಮಾಂಸಕ್ಕೆಂದೇ ಬೆಳೆಸಿದ ದಪ್ಪ ತಳಿಗಳಿಂದ ಅಷ್ಟು ನಿರೀಕ್ಷೆ ಬೇಡ.

ಅದಿರಲಿ, ಆರರಲ್ಲಿ ಹೆಣ್ಣು ಎಷ್ಟು? ನಾವು ಎರಡು ಬಾತು ಇಟ್ಟುಕೊಂಡು ಎಂಟು ತಿಂಗಳು ಕಾದೆವು. ಗೂಡಿಗೆ ಮೆತ್ತನೆಯ ಹುಲ್ಲು ಹಾಕಿ, ಸುಳ್ಳು ಮೊಟ್ಟೆ ಅಂತ ಒಂದು ಬಿಳಿ ಕಲ್ಲೂ ಇಟ್ಟೆವು. ಬಂದ ನೆಂಟರೊಬ್ಬರು ಬಾಲ ನೋಡಿ ಬಿದ್ದು ಬಿದ್ದು ನಕ್ಕರು. ಎರಡೂ ಗಂಡು! ಗಂಡಿನ ಬಾಲದ ಮೇಲೆ ಒಂದೆರಡು ಗರಿ ಉಂಗುರದ ಹಾಗೆ ಸುರುಳಿ ಸುತ್ತಿರುತ್ತದೆ. ಅದು ಕಾಣದಿದ್ದರೆ ಕೂಗು ಕೇಳಿ. ಗಂಟಲು ಹರಿಯುವ ಹಾಗೆ ಕ್ವಾಕ್ ಕ್ವಾಕ್ ಅನ್ನುವುದು ಹೆಣ್ಣು. ಗಂಡಿನದು ಶೀತವಾಗಿ ಧ್ವನಿ ಕೂತವರ ಪಿಸುಮಾತು. (ಮಸ್ಕೋವಿ ತಳಿಗೆ ಈ ಗುರುತು ಯಾವುದೂ ಹೊಂದುವುದಿಲ್ಲ.)

ಗಂಡು ಒಂದಕ್ಕೆ ಹೆಣ್ಣು ನಾಲ್ಕೈದು ಇರಬೇಕು. ನಿಮ್ಮಲ್ಲಿ ಮೂರು ಗಂಡು ಇದ್ದರೆ ಈಗಲೇ ಯೋಚನೆ ಮಾಡಿ. ಆಮೇಲೆ ಹೆಣ್ಣುಗಳ ಕತ್ತಿನ ಪುಕ್ಕ ಕಿತ್ತುಹೋಗುವಷ್ಟು ಕಾಟ ಕೊಡುತ್ತವೆ. ಮೊಟ್ಟೆ ಬೇಕಾಗದಿದ್ದರೂ ಚಿಂತೆಯಿಲ್ಲ, ಬಿಡಿ. ಬೇಕಿದ್ದರೆ ಬೆಳಗ್ಗೆ ಎಂಟು ಒಂಬತ್ತರ ತನಕ ಗೂಡಿನಿಂದ ಬಿಡಬೇಡಿ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ನಸುಕಿನಲ್ಲಿ. ಬೇಗ ಬಿಟ್ಟರೆ ಪೊದೆಯಲ್ಲಿ ಎಲ್ಲೋ ಇಟ್ಟು ಮರೆತುಬಿಡುತ್ತದೆ.

— ಬಿಳಿ ಕಲ್ಲು ಇಟ್ಟಿದ್ದವರು

*

ಟಬ್ಬಿನ ಕೊಳೆ ನೀರನ್ನು ಚರಂಡಿಗೆ ಬಿಡುತ್ತಿದ್ದೀರಾ? ಅಯ್ಯೋ. ಮರದ ಬುಡಕ್ಕೆ ಸುರಿಯಿರಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಬೇಡ.

— ತೋಟದವರು

*

ಕುಂಟುವ ಬಾತು ವಾರದಿಂದ ಹಾಗೇ ಇದೆ ಎಂದು ಬರೆದಿದ್ದೀರಿ. ನನಗೆ ಕೆಸರಿಗಿಂತ, ಮೊಟ್ಟೆಗಿಂತ ಅದರದೇ ಚಿಂತೆ. ಇವತ್ತೇ ನೋಡಿ. ಕಾಲು ಹಿಡಿದು ಎತ್ತಬೇಡಿ, ಬಾತಿನ ಕಾಲು ಬಹಳ ನಾಜೂಕು. ರೆಕ್ಕೆ ಸೇರಿಸಿ ಮೈಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಅಂಗಾಲು ತೊಳೆದು ಬೆಳಕಿಗೆ ಹಿಡಿಯಿರಿ. ಊದಿಕೊಂಡು ನಡುವೆ ಕಪ್ಪು ಚಕ್ಕೆ ಇದ್ದರೆ ಅದು ಬಂಬಲ್‌ಫುಟ್. ಮುಳ್ಳು, ಒರಟು ನೆಲದಿಂದ ಸಣ್ಣ ಗಾಯವಾಗಿ ಒಳಗೆ ಕೀವು ಕಟ್ಟುತ್ತದೆ. ಅದನ್ನು ನೀವೇ ಕೊಯ್ಯಲು ಹೋಗದೆ ಪಶುವೈದ್ಯರಿಗೆ ತೋರಿಸಿ.

ಅಂಗಾಲು ಚೆನ್ನಾಗಿದ್ದು ಕಾಲು ಬಾಗಿದಂತಿದ್ದರೆ, ಕೂತಲ್ಲೇ ಕೂತಿರುತ್ತಿದ್ದರೆ, ಮರಿಯಿದ್ದಾಗ ಏನು ತಿನ್ನಿಸಿದಿರಿ ಎಂದು ನೆನಪು ಮಾಡಿಕೊಳ್ಳಿ. ಬಾತುಮರಿಗೆ ಕೋಳಿಮರಿಗಿಂತ ನಯಾಸಿನ್ (ಒಂದು ಬಿ ವಿಟಮಿನ್) ಜಾಸ್ತಿ ಬೇಕು. ಬರೀ ಕೋಳಿಮರಿ ಆಹಾರದಲ್ಲಿ ಬೆಳೆದವಕ್ಕೆ ಕಾಲು ಸೋಲುತ್ತದೆ. ನಾವು ಆಹಾರಕ್ಕೆ ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸುತ್ತೇವೆ. ಬೇಗ ಶುರು ಮಾಡಿದರೆ ಒಳ್ಳೆಯದು, ಬಾಗಿ ಬೆಳೆದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ. ಇನ್ನೊಂದು, ಹಿತ್ತಿಲಲ್ಲಿ ಮೊಳೆ, ತಂತಿ ತುಂಡು ಬಿದ್ದಿದ್ದರೆ ಆರಿಸಿಬಿಡಿ. ಹೊಳೆಯುವುದನ್ನೆಲ್ಲ ನುಂಗುತ್ತವೆ.

ಮಿಕ್ಕುಳಿದ ಬ್ರೆಡ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ.

— ಪಶುವೈದ್ಯರಲ್ಲ, ಆದರೆ ಅವರ ಬಾಗಿಲಲ್ಲಿ ಬಹಳ ಸಲ ಕಾದವಳು

*

ಎಲ್ಲರೂ ಇಟ್ಟುಕೊಳ್ಳಿ ಅಂತಲೇ ಬರೆಯುತ್ತಾರೆ, ನನಗೆ ಗೊತ್ತು. ನಾನು ಕೊಟ್ಟವಳು. ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರು, ಚಿಕ್ಕ ಮಗು, ಜೊತೆಗೆ ಐದು ಬಾತು. ಒಂದು ದಿನ ಮಧ್ಯಾಹ್ನ ಮೂರಕ್ಕೆ ನನ್ನ ಊಟದ ತಟ್ಟೆ ಹಾಗೇ ಇದ್ದುದನ್ನು ನೋಡಿ ತೀರ್ಮಾನ ಮಾಡಿದೆ. ಒಂದೇ ಒಂದು ರಾತ್ರಿ ಅತ್ತೆ, ಅಷ್ಟೇ. ನಿಮ್ಮಿಂದ ಆಗದಿದ್ದರೆ ಆಗಲ್ಲ, ಅದರಲ್ಲಿ ನಾಚಿಕೆ ಏನು?

ಆದರೆ ಯಾರಿಗೆ ಕೊಡುತ್ತೀರಿ ಎಂದು ನೋಡಿ ಕೊಡಿ. ಈಗಾಗಲೇ ಬಾತು ಇರುವ ಮನೆಯಾದರೆ ವಾಸಿ. ಒಂಟಿಯಾಗಿ ಒಂದನ್ನೇ ಕೊಡಬೇಡಿ, ಗುಂಪಿನ ಪ್ರಾಣಿ, ಕೊರಗುತ್ತದೆ. ಕೆರೆಗೆ ಬಿಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಕೇಳಲೇಬೇಡಿ. ನೀರು ಕಂಡರೆ ಖುಷಿ ನಿಜ. ಆದರೆ ಸಾಕಿದ ಬಾತುಗಳಲ್ಲಿ ಬಹುಪಾಲು ಸರಿಯಾಗಿ ಹಾರಲಾರವು, ನಾಯಿ ಬಂದರೆ ಎಲ್ಲಿಗೆ ಹೋಗಬೇಕು?

— ಈಗ ಬಿಸಿಬಿಸಿ ಊಟ ಮಾಡುವವಳು

*

ನಾನು ನಿಮ್ಮ ಮಕ್ಕಳ ಪಕ್ಷ. ಚಿಕ್ಕವನಿದ್ದಾಗ ನಾನೂ ಹಟ ಮಾಡಿ ಬಾತು ತರಿಸಿದ್ದೆ, ಮೂರನೇ ವಾರಕ್ಕೆ ಮರೆತಿದ್ದೆ. ‘ಹೋಗಿ ಬಾತು ನೋಡ್ಕೋ’ ಅಂದರೆ ಮಕ್ಕಳಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಹೋಗಿ ನೋಡಿ ಬರುತ್ತಾರೆ, ಅಷ್ಟೇ. ಅಮ್ಮ ಆಮೇಲೆ ಕೆಲಸ ಹಂಚಿದರು. ಸಂಜೆ ಬಾತುಗಳನ್ನು ಗೂಡಿಗೆ ಸೇರಿಸಿ ಚಿಲಕ ಹಾಕುವುದು ನನ್ನದು, ನನ್ನೊಬ್ಬನದು. ಕೋಳಿಗಳ ಹಾಗೆ ಕತ್ತಲಾದೊಡನೆ ತಾವೇ ಒಳಗೆ ಹೋಗುವ ಬುದ್ಧಿ ನಮ್ಮ ಬಾತುಗಳಿಗೆ ಇರಲಿಲ್ಲ. ಎರಡೂ ಕೈಯಲ್ಲಿ ಉದ್ದ ಕೋಲು ಹಿಡಿದು, ಕೈ ಅಗಲಿಸಿ, ಹಿಂದಿನಿಂದ ನಿಧಾನಕ್ಕೆ ನಡೆಯಬೇಕು. ಅವಸರ ಮಾಡಿದರೆ ದಿಕ್ಕಾಪಾಲು.

ಒಂದು ರಾತ್ರಿ ಚಿಲಕ ಮರೆತೆ. ಬೆಳಗ್ಗೆ ಬೇಲಿಯ ಬುಡದಲ್ಲಿ ಬಿಳಿ ಪುಕ್ಕ, ನಾಯಿಯ ಹೆಜ್ಜೆ. ಉಳಿದ ನಾಲ್ಕು ಸೌದೆ ರಾಶಿಯ ಹಿಂದೆ ಒಂದಕ್ಕೊಂದು ಒತ್ತಿಕೊಂಡು ಸದ್ದಿಲ್ಲದೆ ನಿಂತಿದ್ದವು. ಅಷ್ಟು ಹೊತ್ತು ಬಾತುಗಳು ಸುಮ್ಮನಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಬೈಯಲಿಲ್ಲ. ಬೇರೆಯವರಿಗೆ ಆ ಕೆಲಸ ಕೊಡಲೂ ಇಲ್ಲ. ಸಂಜೆ ಟಾರ್ಚ್ ನನ್ನ ಕೈಗೇ ಇಟ್ಟರು.

ನಿಮ್ಮ ಮಕ್ಕಳಿಗೂ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಡಿ. ಅದು ಸಂಜೆಯದ್ದಾಗಿರಲಿ. ಬೆಳಗ್ಗೆ ಸ್ಕೂಲಿನ ಗಡಿಬಿಡಿಯಲ್ಲಿ ಯಾವ ಮಕ್ಕಳೂ ಮಾಡಲ್ಲ. ಹಾಗೇ ಗೂಡಿನ ಜಾಲರಿ ಒಮ್ಮೆ ಎಳೆದು ನೋಡಿ. ತೆಳು ತಂತಿಯ ಕೋಳಿಜಾಲರಿ ಬಾತು ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ.

— ಟಾರ್ಚ್ ಹಿಡಿದವನು