ಕಿತ್ತಳೆ ಅಂಗಿ ಹಾಕಿಸುವ ಮುಂಚೆ ಮಕ್ಕಳಿಗೆ ಏನು ಹೇಳಬೇಕು?

ನಿನ್ನೆ ಕೆನಡಾ ಕನ್ನಡಿಗರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಸೆಪ್ಟೆಂಬರ್ 30ಕ್ಕೆ ಮಕ್ಕಳಿಗೆ ಕಿತ್ತಳೆ ಬಣ್ಣದ ಅಂಗಿ ಹಾಕಿಸಿ ಅಂತ ಶಾಲೆಯಿಂದ ಚೀಟಿ ಬಂದಿದೆ, ಬಿಳಿಯರಿಗೂ ಇಲ್ಲಿನ ಮೂಲನಿವಾಸಿಗಳಿಗೂ ನಡುವಿನ ಹಳೇ ವಿಷಯಕ್ಕೆ ನಾವ್ಯಾಕೆ? ಕೆನಡಾಕ್ಕೆ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಅಂಗಿಯ ಕಥೆ. 1973ರಲ್ಲಿ ಮೂಲನಿವಾಸಿ ಹುಡುಗಿ ಫಿಲಿಸ್ ವೆಬ್‌ಸ್ಟಾಡ್‌ಗೆ ಆರು ವರ್ಷ. ಬ್ರಿಟಿಷ್ ಕೊಲಂಬಿಯಾದ ವಿಲಿಯಮ್ಸ್ ಲೇಕ್ ಹತ್ತಿರದ ರೆಸಿಡೆನ್ಷಿಯಲ್ ಶಾಲೆಗೆ (ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇಡುತ್ತಿದ್ದ ಶಾಲೆ) ಹೊರಟಾಗ ಅಜ್ಜಿ ಹೊಸ ಕಿತ್ತಳೆ ಅಂಗಿ ಕೊಡಿಸಿದ್ದರು. ಮೊದಲ ದಿನವೇ ಅದನ್ನು ಕಸಿದುಕೊಂಡರು. ಮತ್ತೆ ಕೊಡಲೇ ಇಲ್ಲ. 2013ರಲ್ಲಿ ಅವರು ಇದನ್ನು ಹೇಳಿಕೊಂಡ ಮೇಲೆ "ಆರೆಂಜ್ ಶರ್ಟ್ ಡೇ" ಅನ್ನೋ ಈ ದಿನ ಶುರುವಾಯಿತು. ನನ್ನ ಮಗಳಿಗೆ ಏಳು ವರ್ಷ ಇದ್ದಾಗ ಇಷ್ಟೇ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅಜ್ಜಿಗೆ ಗೊತ್ತಾಯ್ತಾ ಅಮ್ಮಾ?" ಚಿಕ್ಕ ಮಕ್ಕಳಿಗೆ ಅಷ್ಟು ಸಾಕು.

ದೊಡ್ಡ ಮಕ್ಕಳಿಗೆ ಉಳಿದದ್ದನ್ನೂ ಹೇಳಬೇಕು. ಸರ್ಕಾರ ದುಡ್ಡು ಕೊಟ್ಟು, ಚರ್ಚುಗಳು ನಡೆಸಿದ ಈ ಶಾಲೆಗಳಿಗೆ ಸುಮಾರು 1,50,000 ಮಕ್ಕಳನ್ನು ಕರೆದೊಯ್ದರು. 4,000ಕ್ಕೂ ಹೆಚ್ಚು ಮಕ್ಕಳ ಸಾವು ದಾಖಲಾಗಿದೆ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನಮ್ಮಲ್ಲಿ ಎಷ್ಟೋ ಜನ ಊರಲ್ಲಿ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಹಳೇದು ಅನ್ನೋದು ಹೇಗೆ?

ನನಗೆ ಜಾಸ್ತಿ ತಟ್ಟಿದ್ದು ಭಾಷೆಯ ವಿಷಯ. ಮನೆಮಾತು ಆಡಿದರೆ ಅಲ್ಲಿ ಹೊಡೆತ. ಹಾಗೆ ಬೆಳೆದವರು ಎಷ್ಟೋ ಮಂದಿ ತಮ್ಮ ಮಕ್ಕಳಿಗೆ ಆ ಭಾಷೆ ಕಲಿಸಲು ಹೆದರಿದರು. ನಾವು ಹಿಮದಲ್ಲೂ ಕಾರು ಓಡಿಸಿಕೊಂಡು ಮಕ್ಕಳನ್ನು ಕನ್ನಡ ಕಲಿ ತರಗತಿಗೆ ಕರೆದುಕೊಂಡು ಹೋಗುತ್ತೇವೆ. ಒಂದು ತಲೆಮಾರು ಬಿಟ್ಟರೆ ಹೋಯಿತು ಅನ್ನೋ ಭಯ ನಮಗೆ ಚೆನ್ನಾಗಿ ಗೊತ್ತು. 2022ರಲ್ಲಿ, ಆಗ ಸಂಸದರಾಗಿದ್ದ ಕನ್ನಡಿಗ ಚಂದ್ರ ಆರ್ಯ ಇಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದಾಗ ನಾವೆಲ್ಲ ಎಷ್ಟು ಕುಣಿದಾಡಿದೆವು! ಅದೇ ಸದನದಲ್ಲಿ 2017ರಲ್ಲಿ ಆಗಿನ ಸಂಸದ ರಾಬರ್ಟ್-ಫಾಲ್ಕನ್ ವಲೆಟ್ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ಮಾತನಾಡಿದರು. ಅನುವಾದ ಮಾಡುವವರೇ ಇರಲಿಲ್ಲ. ಈ ನೆಲದ್ದೇ ಭಾಷೆಗೆ ಆ ಏರ್ಪಾಡು ಸಿಕ್ಕಿದ್ದು 2019ರಲ್ಲಿ.

ಇನ್ನು "ನಾವ್ಯಾಕೆ" ಅನ್ನೋದಕ್ಕೆ. ಈ ಶಾಲೆಗಳ ಬಗ್ಗೆ ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಕರೆಗಳನ್ನು ಕೊಟ್ಟಿತು. ಅದರ ಕೊನೆಯ ಕರೆ ಹೊಸ ಪ್ರಜೆಗಳ ಪ್ರಮಾಣವಚನದ ಬಗ್ಗೆಯೇ. 2021ರಿಂದ ಆ ವಚನದಲ್ಲಿ ಮೂಲನಿವಾಸಿಗಳ ಹಕ್ಕು, ಒಪ್ಪಂದಗಳ ಮಾತು ಸೇರಿದೆ. ಆಮೇಲೆ ಪೌರತ್ವ ಪಡೆದ ನಾವೆಲ್ಲ ಕೈ ಎತ್ತಿ ಅದನ್ನು ಹೇಳಿದ್ದೇವೆ, ಅಲ್ವಾ? ನಮ್ಮಲ್ಲಿ ಅನೇಕರು ಮನೆ ಮಾಡಿಕೊಂಡಿರುವ ಮಿಸ್ಸಿಸಾಗಾ ಊರಿನ ಹೆಸರು ಒಂದು ಮೂಲನಿವಾಸಿ ಜನಾಂಗದ್ದು. ಅವರಿಂದಲೇ ಬ್ರಿಟಿಷರು 1805ರಲ್ಲಿ ಟೊರೊಂಟೊ ಪ್ರದೇಶದ ಸುಮಾರು ಎರಡೂವರೆ ಲಕ್ಷ ಎಕರೆಯನ್ನು ಹತ್ತು ಶಿಲ್ಲಿಂಗ್‌ಗೆ ಬರೆಸಿಕೊಂಡರು. ಅದಕ್ಕೆ 14.5 ಕೋಟಿ ಡಾಲರ್ ಪರಿಹಾರ ಬಂದಿದ್ದು 2010ರಲ್ಲಿ.

ಮನೆಯಲ್ಲಿ ಸುಮ್ನೆ "ರೆಡ್ ಇಂಡಿಯನ್ಸ್" ಅನ್ನೋದನ್ನು ದಯವಿಟ್ಟು ಬಿಡೋಣ. ನಮ್ಮ ಹಳೇ ಪಾಠಗಳಲ್ಲಿ ಹಾಗೇ ಓದಿದ್ದೆವು, ಆದರೆ ಆ ಮಾತು ಅವರಿಗೆ ಚುಚ್ಚುತ್ತದೆ. ಪೌವೌಗೆ (ಅವರ ಹಾಡು, ಕುಣಿತದ ಕೂಟ) ಹೋದರೆ ಅವರ ಉಡುಗೆಯನ್ನು ವೇಷ ಅನ್ನಬೇಡಿ, ಕೇಳದೆ ಮುಟ್ಟಬೇಡಿ, ಫೋಟೋ ತೆಗೆಯಬೇಡಿ. ಹನ್ನೆರಡು ದಾಟಿದ ಮಕ್ಕಳಿದ್ದರೆ ಆಂಟಾರಿಯೊದ ಬ್ರ್ಯಾಂಟ್‌ಫರ್ಡ್‌ಗೆ ಕರೆದುಕೊಂಡು ಹೋಗಿ. 1970ರಲ್ಲಿ ಮುಚ್ಚಿದ ಇಂಥದ್ದೇ ಶಾಲೆ ಮೊಹಾಕ್ ಇನ್‌ಸ್ಟಿಟ್ಯೂಟ್ ಕಟ್ಟಡ ಅಲ್ಲಿದೆ. ಕೆಡವೋಣವೇ ಅಂತ ಕೇಳಿದಾಗ, ಬೇಡ, ಸಾಕ್ಷಿ ಉಳಿಯಲಿ ಅಂದವರು ಅಲ್ಲಿನ ಮೂಲನಿವಾಸಿ ಸಮುದಾಯವಾದ ಸಿಕ್ಸ್ ನೇಷನ್ಸ್‌ನ ಜನರೇ.

ಹೋದ ವರ್ಷ ನಮ್ಮ ರಾಜ್ಯೋತ್ಸವದಲ್ಲಿ ಈ ನೆಲದ ಜನರನ್ನು ನೆನೆಯುವ ಸಾಲುಗಳನ್ನು ಗಡಿಬಿಡಿಯಲ್ಲಿ ಓದಿ ಮುಗಿಸಿದೆವು. ಜನಾಂಗಗಳ ಹೆಸರೂ ತಪ್ಪಾದವು. ನಮ್ಮ ಮಕ್ಕಳ ಹೆಸರನ್ನು ಶಾಲೆಯಲ್ಲಿ ತಪ್ಪಾಗಿ ಕರೆದರೆ ನಮಗೆ ಎಷ್ಟು ಬೇಜಾರಾಗುತ್ತದೆ! ಈ ಸಲ ಆ ಹೆಸರುಗಳನ್ನು ಅವರದೇ ದನಿಯಲ್ಲಿ ಕೇಳಿ ಕಲಿತು ಓದೋಣ. ಓದುವ ಕೆಲಸ ನನಗೆ ಕೊಡಿ. ಮಗಳೂ ಜೊತೆಗೆ ನಿಲ್ಲುತ್ತೇನೆ ಅಂದಿದ್ದಾಳೆ.