6ನೇ ತರಗತಿಗೆ ಸರ್ಕಾರಿ ಶಾಲೆ: ಗಂಗಾವತಿ ತಾಲ್ಲೂಕಿನ ಮೂರರಲ್ಲಿ ಒಂದನ್ನು ಆರಿಸುವುದು ಹೇಗೆ?

ಎಡದಂಡೆ_ಕಾಲುವೆ:
ಮಗಳದ್ದು ಈ ವರ್ಷ 5ನೇ ತರಗತಿ, ಕನ್ನಡ ಮಾಧ್ಯಮ. ನಮಗೆ ಅನುಕೂಲ ಆಗೋದು ಮೂರು ಶಾಲೆ: ಊರಿನ ಹಿರಿಯ ಪ್ರಾಥಮಿಕ (1–7), ಪಕ್ಕದ ಊರಿನದು (1–8), ಹೋಬಳಿಯ ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್, ಹೈಸ್ಕೂಲೂ ಅಲ್ಲೇ). ಶಾಲೆಗಳ ಸರ್ಕಾರಿ ಅಂಕಿಅಂಶ ತಾಣ ಯುಡೈಸ್‌ನಲ್ಲಿ ಮೂರರ ವರದಿಯನ್ನೂ ತೆಗೆದು ನೋಡಿದೆ. ಊರಿನ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ 27 ಮಕ್ಕಳು, ಉಳಿದೆರಡರಲ್ಲಿ 31 ಮತ್ತು 34. ಊರಿನದಕ್ಕೆ ಸ್ಮಾರ್ಟ್ ಬೋರ್ಡೂ ಬಂದಿದೆ. ಅದೇ ಸಾಕಲ್ಲವೇ?

ಸೀಮೆಸುಣ್ಣ:
ಸರ್, ಆ 27 ಇಡೀ ಶಾಲೆಯ ಸರಾಸರಿ. ನಿಮಗೆ ಬೇಕಿರೋದು 6 ಮತ್ತು 7ಕ್ಕೆ ಯಾರು ಪಾಠ ಮಾಡ್ತಾರೆ ಅನ್ನೋದು.

ಉದಾಹರಣೆಗೆ ಲೆಕ್ಕ ಹಾಕಿ ನೋಡಿ: 189 ಮಕ್ಕಳು, 7 ಜನ ಶಿಕ್ಷಕರು, ಭಾಗಿಸಿದರೆ 27. ಆ ಏಳರಲ್ಲಿ ಒಬ್ಬರು ಮುಖ್ಯಗುರುಗಳು, ಒಬ್ಬರು ದೈಹಿಕ ಶಿಕ್ಷಕರು, ನಾಲ್ವರು ಪಿಎಸ್‌ಟಿ (1–5ರ ಶಿಕ್ಷಕರು) ಆಗಿದ್ದರೆ ಜಿಪಿಟಿ (6–8ಕ್ಕೆ ಪಾಠ ಮಾಡೋ ಪದವೀಧರ ಶಿಕ್ಷಕರು) ಅಂತ ಉಳಿಯೋದು ಒಬ್ಬರೇ. ಅವರು ಸಮಾಜ ವಿಜ್ಞಾನದವರಾಗಿದ್ದರೆ ಗಣಿತ ಯಾರ ತಲೆಗೆ? ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿ 6–8ಕ್ಕೆ ಕೇಳೋದು ಬರೀ 35ಕ್ಕೆ ಒಬ್ಬರನ್ನಲ್ಲ. ಗಣಿತ-ವಿಜ್ಞಾನ, ಸಮಾಜ, ಭಾಷೆ, ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಇರಬೇಕು. ಸರಾಸರಿಯಲ್ಲಿ ಇದು ಕಾಣೋದೇ ಇಲ್ಲ.

ಇನ್ನೊಂದು, ವರದಿ ಸಾಮಾನ್ಯವಾಗಿ ಹಿಂದಿನ ವರ್ಷದ್ದು. ನಡುವೆ ವರ್ಗಾವಣೆ ಕೌನ್ಸೆಲಿಂಗ್ ಆಗಿದ್ದರೆ ಅದರಲ್ಲಿರೋ ಮಾಸ್ತರು ಈಗ ಬೇರೆ ಕಡೆ ಇರಬಹುದು. 2022ರಲ್ಲಿ ಕರೆದ 15,000 ಜಿಪಿಟಿ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಹಾಗಂತ ನಿಮ್ಮ ಮೂರೂ ಶಾಲೆಗೆ ಬಂದಿದ್ದಾರೆ ಅಂತ ತಿಳಿಯಬೇಡಿ.

ಹಾಗಾಗಿ ಮೂರೂ ಕಡೆ ಹೋಗಿ ಕಚೇರಿ ಗೋಡೆಯ ವೇಳಾಪಟ್ಟಿ ನೋಡಿ. 6, 7ರ ಸಾಲಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಎದುರು ಯಾರ ಹೆಸರಿದೆ ಅಂತ ಬರೆದುಕೊಳ್ಳಿ. ಅತಿಥಿ ಶಿಕ್ಷಕರಾದರೆ ಕಳೆದ ವರ್ಷ ಯಾವ ತಿಂಗಳು ಬಂದರು ಅಂತ ಕೇಳಿ. ಶಾಲೆ ಶುರುವಾದ ಮೇಲೇ ಅವರಿಗೆ ಆದೇಶ ಬರೋದು ಇದ್ದದ್ದೇ, ಅಲ್ಲಿಯವರೆಗೆ ಆ ಪೀರಿಯಡ್ ಖಾಲಿ. ಎರಡು ತರಗತಿಗೆ ಒಂದೇ ಹೊತ್ತಿನಲ್ಲಿ ಒಬ್ಬರದೇ ಹೆಸರಿದ್ದರೆ ಎರಡನ್ನೂ ಕೂಡಿಸಿ ಕೂರಿಸ್ತಾರೆ ಅಂತಲೇ ಅರ್ಥ.

ಆಮೇಲೆ 7ನೇ ತರಗತಿಯ ಮಕ್ಕಳ ಒಂದೆರಡು ಗಣಿತ ನೋಟ್‌ಬುಕ್ ತೆರೆಸಿ ನೋಡಿ. ತಪ್ಪಾದ ಲೆಕ್ಕದ ಕೆಳಗೆ ಅದೇ ಲೆಕ್ಕ ಮತ್ತೆ ಬಿಡಿಸಿದ್ದಾರೋ, ಬರೀ ಕೆಂಪು ಟಿಕ್ಕು, ಪುಟದ ಕೊನೆಗೆ ಒಂದು ಸಹಿಯೋ? ಸ್ಮಾರ್ಟ್ ಬೋರ್ಡಿಗಿಂತ ಇದು ಹೆಚ್ಚು ಹೇಳುತ್ತೆ. ಬೋರ್ಡಿಗೆ ಹೊದಿಸಿದ ಬಟ್ಟೆ ಮೇಲೆ ಧೂಳು ಎಷ್ಟಿದೆ ಅಂತಾನೂ ನೋಡಿ, ಹೇಗೂ ಹೋಗಿರ್ತೀರಿ.

ಮಾನ್ವಿ_ರೋಡ್:
ಸೀಮೆಸುಣ್ಣ ಸರ್ ಹೇಳಿದ್ದಕ್ಕ ಒಂದು ಸೇರಸ್ತೀನ್ರಿ. ದಾಖಲಾತಿ ಬ್ಯಾರೆ, ಹಾಜರಾತಿ ಬ್ಯಾರೆ. ನಮ್ಮ ರಾಯಚೂರು ಕಡೆ ಹತ್ತಿ ಬಿಡಿಸೋ ಹೊತ್ತಿಗೆ 6–8ರ ಮಕ್ಕಳೇ ಮೊದಲು ಹೊಲಕ್ಕ ಹೋಗೋದು, ಅದ್ರಾಗೂ ಹೆಣ್ಣುಮಕ್ಕಳು. ಕುಷ್ಟಗಿ, ದೇವದುರ್ಗದಾಗ ಮನಿ ಮಂದಿ ಎಲ್ಲಾ ಗುಳೆ ಹೋಗ್ತಾರ. ಜೂನ್‌ನಾಗ ಶಾಲಿ ತುಂಬಿದ್ದು ನೋಡಿ ಲೆಕ್ಕಕ್ಕ ಹಿಡೀಬ್ಯಾಡ್ರಿ, ನವೆಂಬರ್–ಡಿಸೆಂಬರ್ ಹಾಜರಿ ಕೇಳ್ರಿ. ಅರ್ಧ ಮಕ್ಕಳು ಇಲ್ಲಂದ್ರ ಮಾಸ್ತರು ಪಾಠ ಮುಂದಕ್ಕ ಒಯ್ಯಂಗಿಲ್ಲ, ದಿನಾ ಬರೋ ಮಗುನೂ ಅಲ್ಲೇ ನಿಲ್ಲತೈತಿ.

ಬಿಸಿಯೂಟದ ಕಡೆನೂ ಕಣ್ಣ ಹಾಕ್ರಿ. 1–5ಕ್ಕ ತಲಿಗೆ 100 ಗ್ರಾಂ, 6–8ಕ್ಕ 150 ಗ್ರಾಂ ಧಾನ್ಯ. ಸಣ್ಣವರು 120, ದೊಡ್ಡವರು 60 ಇದ್ರ 12 ಕೆಜಿ ಮತ್ತ 9 ಕೆಜಿ, ಒಟ್ಟು 21. ಅಡಗಿ ಅಕ್ಕೋರಿಗೆ "ಇವತ್ತ ಎಷ್ಟ ಅಕ್ಕಿ ಹಾಕೀರಿ" ಅಂತ ಕೇಳ್ರಿ. 11–12 ಅಂದ್ರ ಉಳಿದ ಮಕ್ಕಳು ಎಲ್ಲಿ? ಒಂದೆರಡು ಕೆಜಿ ಫರಕ್ ಇದ್ರ ಬಿಡ್ರಿ, ಎಲ್ಲಾರೂ ಅಷ್ಟೇ ಉಣ್ಣಂಗಿಲ್ಲ.

ಹೆಣ್ಣುಮಗು ಅಂದ್ರ ಶೌಚಾಲಯ ಮುಖ್ಯ. ವರದಿಯಾಗ "ಇದೆ" ಅಂತ ಇರತೈತಿ. ನಳಕ್ಕ ನೀರು ಬರತೈತೇನು, ಬೀಗದ ಕೈ ಯಾರ ಹತ್ರ ಇರತೈತಿ, ಅದನ್ನ ಹೋಗೇ ನೋಡಬೇಕ್ರಿ. ಕುಡಿಯೋ ನೀರು ಬೋರಿಂದಾದ್ರ ಫ್ಲೋರೈಡ್ ಪರೀಕ್ಷೆ ಆಗೇತೇನು ಕೇಳ್ರಿ, ಲೀಟರಿಗೆ 1.5 ಮಿ.ಗ್ರಾಂ ದಾಟಿರಬಾರದು.

ಎಡದಂಡೆ_ಕಾಲುವೆ:
ವೇಳಾಪಟ್ಟಿ ನೋಡೋ ವಿಚಾರ ಹೊಳೆದಿರಲಿಲ್ಲ. 1–7, 1–8 ಅನ್ನೋದರಿಂದ ಏನಾದರೂ ವ್ಯತ್ಯಾಸ ಆಗುತ್ತಾ? 8ನೇದೂ ಅಲ್ಲೇ ಇದ್ದರೆ ಒಳ್ಳೇದು ಅಂತ ಮನೆಯಲ್ಲಿ ಹೇಳ್ತಾರೆ.

ತಾವರಗೇರಾ_ಓದುಗ:
ನನ್ನ ಮಟ್ಟಿಗೆ ಅದು ಲಾಭವಲ್ಲ. ಹೈಸ್ಕೂಲಿನ 8ರಲ್ಲಿ ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ. ಪ್ರಾಥಮಿಕಕ್ಕೆ ಸೇರಿಸಿದ 8ರಲ್ಲಿ ಹತ್ತು ಹನ್ನೆರಡು ಮಕ್ಕಳಿದ್ದು, ಇರೋ ಜಿಪಿಟಿಗಳೇ ಮೂರು ತರಗತಿ ತೂಗಿಸಬೇಕಾಗುತ್ತೆ. ಹತ್ತಿರ ಹೈಸ್ಕೂಲ್ ಇಲ್ಲದಿದ್ದರೆ ಮಾತು ಬೇರೆ.

8ರಲ್ಲಿ ಎಲ್ಲಿದ್ದರೂ ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ) ಬರೆಸುತ್ತಾರಾ ಅಂತ ಕೇಳಿ. ತಲಾ 90 ಅಂಕದ ಎರಡು ಪತ್ರಿಕೆ. ಪಾಸಾಗಿ ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ ₹12,000. ಪಾಲಕರ ಆದಾಯ ₹3.5 ಲಕ್ಷ ದಾಟಿರಬಾರದು, 7ರಲ್ಲಿ 55% ಬೇಕು (ಎಸ್‌ಸಿ, ಎಸ್‌ಟಿಗೆ 5% ರಿಯಾಯಿತಿ). ಶಾಲೆ ಅರ್ಜಿ ಹಾಕದಿದ್ದರೆ ಮಗು ಎಷ್ಟು ಜಾಣೆಯಾದರೂ ಪ್ರಯೋಜನವಿಲ್ಲ. ಎಷ್ಟು ಮಕ್ಕಳಿಂದ ಬರೆಸಿದರು, ಎಷ್ಟು ಜನ ಆಯ್ಕೆಯಾದರು ಅನ್ನೋದು ಶಾಲೆಗಳನ್ನು ಹೋಲಿಸೋಕೆ ಒಳ್ಳೆ ಅಳತೆ. ನವೋದಯ, ಮೊರಾರ್ಜಿಯಂಥ ವಸತಿ ಶಾಲೆಯವರಿಗೆ ಈ ವಿದ್ಯಾರ್ಥಿವೇತನ ಸಿಗಲ್ಲ.

ಕೆಪಿಎಸ್ ಹೆಸರಿಗೆ ಮರುಳಾಗಬೇಡಿ. ಲ್ಯಾಬ್ ಹೈಸ್ಕೂಲಿನದು, 6ರವರನ್ನು ಒಳಗೆ ಬಿಡ್ತಾರಾ ಕೇಳಿ. ಕನ್ನಡ ವಿಭಾಗಕ್ಕೂ ಇಂಗ್ಲಿಷ್ ವಿಭಾಗಕ್ಕೂ ಪ್ರತ್ಯೇಕ ಮಕ್ಕಳ ಸಂಖ್ಯೆ ಕೇಳಿ, ಒಂದೇ ಕೋಣೆಯಲ್ಲಿ 55–60 ಇದ್ದರೆ 34ರ ಸರಾಸರಿಗೆ ಬೆಲೆ ಇಲ್ಲ. ಬಸ್ ಖರ್ಚಿನ ಚಿಂತೆ ಬೇಡ, ಸಾಮಾನ್ಯ ಬಸ್ಸಿನಲ್ಲಿ ಹುಡುಗಿಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ. ಶಾಲೆ ಬಿಡೋ ಹೊತ್ತಿಗೆ ಬಸ್ ಇದೆಯಾ ಅನ್ನೋದೇ ಪ್ರಶ್ನೆ.

ಕುಕನೂರಿನ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ಬೇಕಿದ್ದರೆ ಅರ್ಜಿ 5ರಲ್ಲಿ ಇರುವಾಗಲೇ ಹಾಕಬೇಕು. ಆದರ್ಶ ಇಂಗ್ಲಿಷ್ ಮಾಧ್ಯಮ, ನೆನಪಿರಲಿ.

ಸೀಮೆಸುಣ್ಣ:
ಟಿಸಿ (ವರ್ಗಾವಣೆ ಪತ್ರ) ವಿಷಯ ಬಿಟ್ಟುಹೋಯ್ತು. ಸೇರಿಸುವಾಗ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ತಂತ್ರಾಂಶ) ದಾಖಲೆಯ ಹೆಸರೂ ಆಧಾರ್ ಹೆಸರೂ ಒಂದೇ ಥರ ಇದೆಯಾ ನೋಡಿ, ಇನಿಷಿಯಲ್ ಹಿಂದೆ ಮುಂದೆ ಆದರೂ ಮುಂದೆ ವಿದ್ಯಾರ್ಥಿವೇತನ ತಡೆಯುತ್ತೆ. ಟಿಸಿ ತಡವಾಯ್ತು ಅಂತ ಯಾವ ಸರ್ಕಾರಿ ಶಾಲೆಯೂ ಪ್ರವೇಶ ನಿರಾಕರಿಸೋ ಹಾಗಿಲ್ಲ. ಆರ್‌ಟಿಇ ಸೆಕ್ಷನ್ 5ರಲ್ಲಿ ಸ್ಪಷ್ಟವಾಗಿದೆ. ತಕರಾರು ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.